ಬೈಸಿಕಲ್ಲೂ ಪಟ್ಟಣದ ರಸ್ತೆಯೂ

ಬೈಸಿಕಲ್ ಸವಾರಿಗೆ ಯೋಗ್ಯವಾದ ಪಟ್ಟಣ ಯಾವುದೆಂಬ ಪ್ರಶ್ನೆಯು ಬಂದಾಗಲೆಲ್ಲ ನಮ್ಮ ಅಧಿಕಾರಿವರ್ಗವು ಹಾಲೆಂಡಿನತ್ತ ಬೆರಳು ತೋರಿಸಿ, ಅಲ್ಲಿ ನೆಲವು ಸಮತಟ್ಟು, ಹವೆಯು ತಂಪು, ಜನರ ಅಭ್ಯಾಸವೇ ಬೇರೆ ಎಂದು ಕಡತವನ್ನು ಕಟ್ಟಿಡುವುದು ವಾಡಿಕೆಯಾಗಿದೆ. ಈ ಸಮಾಧಾನವು ಚರಿತ್ರೆಯ ಮುಂದೆ ನಿಲ್ಲತಕ್ಕದ್ದಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಹಾಲೆಂಡಿನ ಪಟ್ಟಣಗಳೂ ಮೋಟಾರಿಗೆ ಮಾರುಹೋಗಿದ್ದವು. ನೆಲವು ಆಗಲೂ ಸಮತಟ್ಟಾಗಿಯೇ ಇದ್ದಿತು. ಆದರೂ ಬೈಸಿಕಲ್ಲುಗಳು ಕಡಮೆಯಾಗುತ್ತ ಬಂದವು. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ನಾನೂರಕ್ಕೆ ಮೇಲ್ಪಟ್ಟವರು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಿಕಾಕರ್ತನೊಬ್ಬನ ಲೇಖನದಿಂದ ‘ಶಿಶುಹತ್ಯೆಯನ್ನು ನಿಲ್ಲಿಸಿರಿ’ ಎಂಬ ಚಳವಳಿಯು ಹುಟ್ಟಿತು. ತಂದೆತಾಯಿಗಳು ಬೀದಿಗಿಳಿದರು. 1973ರ ಕೊನೆಯಲ್ಲಿ ಎಣ್ಣೆಯ ಅಭಾವವು ಬಂದು, ಕೆಲವು ಭಾನುವಾರಗಳಂದು ಮೋಟಾರು ಸಂಚಾರವನ್ನು ಸರ್ಕಾರವೇ ನಿಷೇಧಿಸಬೇಕಾಯಿತು. ಅಭ್ಯಾಸವೆಂದು ನಮ್ಮವರು ಹೇಳುವುದು ಹೀಗೆ ಕೇಳಿ ಪಡೆದದ್ದು.

ಮೊದಲು ಹೇಗ್ ಮತ್ತು ಟಿಲ್ಬರ್ಗ್ ಪಟ್ಟಣಗಳಲ್ಲಿ ಪ್ರತ್ಯೇಕ ಮಾರ್ಗಗಳನ್ನು ಹಾಕಿ ನೋಡಿದರು. ಮಾರ್ಗವೇನೋ ಚೆನ್ನಾಗಿದ್ದಿತು, ಅದರ ತುದಿಯನ್ನು ಮುಟ್ಟಿದ ಸವಾರನು ಪುನಃ ಮೋಟಾರುಗಳ ನಡುವೆ ಬೀಳುತ್ತಿದ್ದನು. ಫಲವು ನಿರೀಕ್ಷೆಯಷ್ಟು ದೊರೆಯಲಿಲ್ಲ. 1980ರ ದಶಕದಲ್ಲಿ ಡೆಲ್ಫ್ಟ್ ಪಟ್ಟಣವು ಊರಿಗೆಲ್ಲ ಮಾರ್ಗಗಳ ಬಲೆಯನ್ನೇ ಹೆಣೆಯಿತು. ಆಗ ಸವಾರಿಯು ಹೆಚ್ಚಿತು. ಹವೆಯ ಮಾತನ್ನೆತ್ತುವವರು ಸ್ಪೇನಿನ ಸೆವಿಲ್ ಪಟ್ಟಣವನ್ನು ನೋಡಬೇಕು. ಅಲ್ಲಿಯ ಬೇಸಗೆಯ ಶಾಖವು 40 ಡಿಗ್ರಿಯನ್ನು ಮೀರುವುದುಂಟು. ಆದರೂ 2006ರಿಂದೀಚೆಗೆ ಕೆಲವೇ ವರ್ಷಗಳಲ್ಲಿ ನೂರು ಕಿಲೋಮೀಟರಿಗೂ ಮಿಗಿಲಾದ ಪ್ರತ್ಯೇಕ ಮಾರ್ಗವನ್ನು ಒಂದಕ್ಕೊಂದು ಕೂಡುವಂತೆ ನಿರ್ಮಿಸಿದ್ದರಿಂದ ಸವಾರರು ಹಲವು ಪಟ್ಟು ಹೆಚ್ಚಿದರು.

ಇನ್ನು ಬೆಂಗಳೂರು. ಸೆವಿಲ್‌ನವರು ಅಸೂಯೆಪಡತಕ್ಕ ಹವೆ ಇಲ್ಲಿಯದು. 2012ರಲ್ಲಿ ಜಯನಗರದಲ್ಲಿ ಬೈಸಿಕಲ್ ಮಾರ್ಗಗಳನ್ನು ಏರ್ಪಡಿಸಿದರು. ಅವು ಬೇಗನೆ ಕಾರುಗಳ ತಂಗುದಾಣಗಳಾದವು. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಸಣ್ಣ ಕಂಬಗಳನ್ನು ನೆಟ್ಟರು. ಕಂಬಗಳು ಮುರಿದವು, ಮೋಟಾರು ಬೈಸಿಕಲ್ಲುಗಳು ಒಳನುಗ್ಗಿದವು. ಮೈಸೂರು 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ ಬಾಡಿಗೆಯ ಬೈಸಿಕಲ್ಲುಗಳನ್ನು ಬೀದಿಗೆ ತಂದುದು ಶ್ಲಾಘ್ಯವೇ ಸರಿ. ಆದರೆ ಬೈಸಿಕಲ್ಲನ್ನು ಒದಗಿಸುವುದು ಬೇರೆ, ರಸ್ತೆಯನ್ನು ಒದಗಿಸುವುದು ಬೇರೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನಾರಂಭಿಸಿದ ನಮ್ಮ ಸರ್ಕಾರವು, ಆ ಮಕ್ಕಳು ಯಾವ ರಸ್ತೆಯಲ್ಲಿ ಹೋಗತಕ್ಕದ್ದೆಂಬುದನ್ನು ಯೋಚಿಸಿತೆ?

ಪಟ್ಟಣದಲ್ಲಿ ಇಂದಿಗೂ ಹೊಟ್ಟೆಪಾಡಿಗಾಗಿ ಬೈಸಿಕಲ್ಲು ತುಳಿಯುವವರಿದ್ದಾರೆ. ರಾತ್ರಿಯ ಪಹರೆ ಮುಗಿಸಿ ಮನೆಗೆ ಹೋಗುವ ಕಾವಲುಗಾರ, ಹಾಲು ಹಾಕುವವ, ಈ ಪತ್ರಿಕೆಯನ್ನು ತಮ್ಮ ಬಾಗಿಲಿಗೆ ತರುವ ಹುಡುಗ, ಇವರು ಸಮಿತಿಗಳಿಗೆ ಮನವಿ ಬರೆಯುವವರಲ್ಲ. ಆದ್ದರಿಂದ ಲೆಕ್ಕಕ್ಕೆ ಬಾರದವರಾಗಿದ್ದಾರೆ. ರಜಾದಿನದಲ್ಲಿ ವ್ಯಾಯಾಮಕ್ಕಾಗಿ ಹೊರಡುವ ಸವಾರರ ಮೆರವಣಿಗೆಗೆ ಹಸಿರು ಬಾವುಟ ಬೀಸಲು ಮಾತ್ರ ಮಂತ್ರಿಗಳಿಗೆ ಸಮಯವುಂಟು!

ನಾವು ಕೇಳುವುದು ದೊಡ್ಡದಲ್ಲ. ನಗರಾಡಳಿತವು ಒಂದು ವಾರ್ಡನ್ನು ಆರಿಸಿಕೊಂಡು, ಶಾಲೆ, ಮಾರುಕಟ್ಟೆ, ಬಸ್ಸು ನಿಲ್ದಾಣಗಳನ್ನು ತುಂಡಾಗದ ಮಾರ್ಗದಿಂದ ಕೂಡಿಸಲಿ. ಬಣ್ಣದ ಗೆರೆಗೆ ಬದಲು ಕಲ್ಲಿನ ಅಂಚನ್ನು ಕಟ್ಟಿಸಲಿ. ಅಪಾಯವು ಹೆಚ್ಚಾಗಿರುವ ಚೌಕಗಳಲ್ಲಿ ಮೋಟಾರಿನ ವೇಗವನ್ನು ತಗ್ಗಿಸಲಿ. ಮಾರ್ಗದಲ್ಲಿ ನಿಲ್ಲಿಸಿದ ಕಾರು ಯಾರದೇ ಆಗಿರಲಿ, ಪೊಲೀಸರು ಅದನ್ನು ಎಳೆದೊಯ್ಯಲಿ. ಮುಂದಿನ ಆಯವ್ಯಯದಲ್ಲಿ ಇದಕ್ಕೆಂದು ಪ್ರತ್ಯೇಕ ಮೊಬಲಗನ್ನು ತೋರಿಸುವರೋ ಇಲ್ಲವೋ ನೋಡಬೇಕು.