ಮೆಲ್ಬರ್ನಿನ ಆಟ, ಬಾಳೆಗುಳಿಯ ಅಂಕಣ

2016ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ನಡೆದ ಕಬಡ್ಡಿ ವಿಶ್ವಕಪ್‌ಗೆ ಹನ್ನೆರಡು ದೇಶಗಳ ತಂಡಗಳು ಬಂದಿದ್ದವು. ಆಸ್ಟ್ರೇಲಿಯಾ ತಂಡದ ನಾಯಕ ಕ್ಯಾಂಬೆಲ್ ಬ್ರೌನ್. ಅವರು ಕಬಡ್ಡಿ ಆಡಿ ಬೆಳೆದವರಲ್ಲ. ಮೆಲ್ಬರ್ನಿನ ಹಾಥಾರ್ನ್ ಕ್ಲಬ್ಬಿನ ಪರವಾಗಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡಿ ಹೆಸರು ಮಾಡಿದವರು. ಎದುರಾಳಿಯನ್ನು ಸೊಂಟ ಹಿಡಿದು ಕೆಡವುವುದು ಅವರಿಗೆ ಗೊತ್ತಿತ್ತು, ಉಸಿರು ಕಟ್ಟಿ ದಾಳಿ ಮಾಡುವುದು ಗೊತ್ತಿರಲಿಲ್ಲ. ಭಾರತ ಅವರೊಂದಿಗಿನ ಪಂದ್ಯವನ್ನು 54–20ರಿಂದ ಗೆದ್ದುಕೊಂಡಿತು. ಟಿವಿ ಮುಂದೆ ಕೂತವರು ಇದೂ ಒಂದು ಪಂದ್ಯವೇ ಎಂದು ನಕ್ಕು ಸುಮ್ಮನಾದರು. ಆದರೆ ಅಂದು ಮ್ಯಾಟ್ ಮೇಲೆ ಎದುರುಬದುರಾದದ್ದು ತಂತಮ್ಮ ನೆಲದಲ್ಲಿ ಬಲವಾಗಿ ಬೇರುಬಿಟ್ಟು, ಹೊರಗೆ ಹೋಗಲು ದಶಕಗಳಿಂದ ಪಾಡುಪಡುತ್ತಿರುವ ಎರಡು ಆಟಗಳು. ಕಬಡ್ಡಿಯನ್ನು ಒಲಿಂಪಿಕ್ಸ್‌ಗೆ ಸೇರಿಸಬೇಕೆಂದು ಒತ್ತಾಯಿಸುವ ನಾವು ಆ ಇನ್ನೊಂದು ಆಟದ ಅನುಭವವನ್ನು ಗಮನವಿಟ್ಟು ನೋಡುವುದು ಒಳ್ಳೆಯದು.

ಆಸ್ಟ್ರೇಲಿಯನ್ ರೂಲ್ಸ್‌ನ ನಿಯಮಗಳನ್ನು 1859ರಲ್ಲಿ ಮೆಲ್ಬರ್ನಿನಲ್ಲಿ ಬರೆದಿಟ್ಟರು. ಕ್ರಿಕೆಟ್ ಮೈದಾನವೇ ಇದರ ಅಂಗಳ. ಒಂದೊಂದು ಕಡೆ ಹದಿನೆಂಟು ಜನ. ಮೊಟ್ಟೆಯಾಕಾರದ ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಸಂಗಡಿಗನಿಗೆ ಕೊಡಬಹುದು, ಎದುರಾಳಿಯ ಹೆಗಲ ಮೇಲೆ ಮಂಡಿಯೂರಿ ಹಾರಿ ಹಿಡಿಯಬಹುದು. ನೋಡಲು ಬಲು ಚೆಂದ. ಆದರೂ ಸ್ವಂತ ದೇಶದಲ್ಲಿಯೇ ಸಿಡ್ನಿ, ಬ್ರಿಸ್ಬೇನ್ ಕಡೆ ಇದು ಬಹುಕಾಲ ಹೊರಗಿನವರ ಆಟವಾಗಿತ್ತು. ಸೌತ್ ಮೆಲ್ಬರ್ನ್ ಕ್ಲಬ್ಬನ್ನು ಬುಡಸಮೇತ ಕಿತ್ತು ಸಿಡ್ನಿಗೆ ಸಾಗಿಸಿದ್ದು 1982ರಲ್ಲಿ.

ಪರದೇಶದ ಕಥೆ ಇನ್ನೂ ಏರಿಳಿತದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಜಿಲೆಂಡಿನಲ್ಲಿ ಈ ಆಟ ಚೆನ್ನಾಗಿ ಹಬ್ಬಿತ್ತು. 1908ರಲ್ಲಿ ಮೆಲ್ಬರ್ನಿನ ಕೂಟಕ್ಕೆ ಬಂದ ನ್ಯೂಜಿಲೆಂಡ್ ತಂಡ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡ್ ತಂಡಗಳನ್ನು ಸೋಲಿಸಿತ್ತು. ಮೊದಲ ಮಹಾಯುದ್ಧ ಬಂತು, ಆಡುವವರು ರಣರಂಗಕ್ಕೆ ಹೋದರು, ಆಟ ಅಲ್ಲಿ ಹೆಚ್ಚುಕಡಿಮೆ ಅಳಿಸಿಹೋಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇದರ ಪ್ರದರ್ಶನ ಪಂದ್ಯ ನಡೆಯಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1936ರ ಬರ್ಲಿನ್ ಒಲಿಂಪಿಕ್ಸ್ ಕಾಲದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಕಬಡ್ಡಿಯನ್ನು ಆಡಿ ತೋರಿಸಿದ್ದರು. ಎರಡೂ ಕಡೆ ಚಪ್ಪಾಳೆ ಬಿತ್ತು. ಎರಡೂ ಆಟಗಳು ಬಂದ ದಾರಿಯಲ್ಲೇ ಮನೆಗೆ ಮರಳಿದವು.

2017ರ ಮೇನಲ್ಲಿ ಪೋರ್ಟ್ ಅಡಿಲೇಡ್ ಮತ್ತು ಗೋಲ್ಡ್ ಕೋಸ್ಟ್ ತಂಡಗಳು ಶಾಂಘೈನಲ್ಲಿ ಲೀಗ್ ಪಂದ್ಯ ಆಡಿದವು. ಚೀನಾದ ಮಾರುಕಟ್ಟೆಯ ಮೇಲೆ ಕಣ್ಣಿತ್ತು, ಪ್ರಾಯೋಜಕರ ದುಡ್ಡಿತ್ತು. ಸುಮಾರು ಹತ್ತು ಸಾವಿರ ಜನ ಸೇರಿದ್ದರಾದರೂ ಅವರಲ್ಲಿ ಆಸ್ಟ್ರೇಲಿಯಾದಿಂದಲೇ ವಿಮಾನ ಹತ್ತಿ ಬಂದ ಅಭಿಮಾನಿಗಳು ಬಹಳ. ಮೂರು ವರ್ಷ ನಡೆದ ಪಂದ್ಯ ಕೊರೊನಾ ಬಂದೊಡನೆ ನಿಂತಿತು. ತಮ್ಮ ಜನಕ್ಕೇ ಪರದೇಶದಲ್ಲಿ ತಮ್ಮ ಆಟ ತೋರಿಸುವುದನ್ನು ಆಟದ ಬೆಳವಣಿಗೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ನಿಜವಾಗಿ ಬೆಳೆದದ್ದು ಯಾರೂ ಕಣ್ಣಿಡದ ಕಡೆ. ಶಾಂತಸಾಗರದ ನೌರು ದ್ವೀಪದ ಜನಸಂಖ್ಯೆ ಹನ್ನೆರಡು ಸಾವಿರದ ಆಸುಪಾಸು. ಅಲ್ಲಿ ಇದು ರಾಷ್ಟ್ರೀಯ ಕ್ರೀಡೆ. ಆಸ್ಟ್ರೇಲಿಯಾಕ್ಕೆ ಓದಲು ಹೋದ ಹುಡುಗರು ಚೆಂಡನ್ನು ಊರಿಗೆ ತಂದರು. ಅಲ್ಲಿಯ ಮೈದಾನದಲ್ಲಿ ಹುಲ್ಲಿಲ್ಲ, ಫಾಸ್ಫೇಟ್ ಗಣಿಯ ಪುಡಿ ಹಾಸಿದ ನೆಲ. ಬಿದ್ದರೆ ಮೊಣಕಾಲು ಸುಲಿಯುತ್ತದೆ, ಆದರೂ ಇಡೀ ದ್ವೀಪ ಆಡುತ್ತದೆ. ಪಪುವಾ ನ್ಯೂಗಿನಿಗೆ ಇದನ್ನು ಒಯ್ದವರು ಆಸ್ಟ್ರೇಲಿಯಾದ ಸೈನಿಕರು ಮತ್ತು ಅಲ್ಲಿ ಕೆಲಸಕ್ಕೆ ನೆಲೆಸಿದವರು. ಅವರು ಹೊರಟುಹೋದ ಮೇಲೂ ಆಟ ಅಲ್ಲೇ ಉಳಿಯಿತು.

2002ರಲ್ಲಿ ಆರಂಭವಾಗಿ 2017ರಲ್ಲಿ ಕೊನೆಯ ಬಾರಿ ನಡೆದ, ಈ ಆಟದ ಇಂಟರ್‌ನ್ಯಾಷನಲ್ ಕಪ್‌ನ ಒಂದು ನಿಯಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಒಂದು ದೇಶದ ಪರ ಆಡುವವರು ಹತ್ತರಿಂದ ಹದಿನಾರರ ವಯಸ್ಸನ್ನು ಮುಖ್ಯವಾಗಿ ಆ ದೇಶದಲ್ಲೇ ಕಳೆದಿರಬೇಕಿತ್ತು. ಅಂದರೆ ಡಬ್ಲಿನ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ನೌಕರಿಯಲ್ಲಿರುವ ಆಸ್ಟ್ರೇಲಿಯನ್ನರು ತಾವೇ ಒಂದು ತಂಡ ಕಟ್ಟಿ ಐರ್ಲೆಂಡ್, ಅಮೆರಿಕ ಎಂದು ಹೆಸರಿಟ್ಟುಕೊಂಡು ಬರುವ ಹಾಗಿರಲಿಲ್ಲ. ಆಸ್ಟ್ರೇಲಿಯಾ ತಂಡವೂ ಕಣಕ್ಕಿಳಿಯುತ್ತಿರಲಿಲ್ಲ. ಮೊದಲ ಕಪ್ ಐರ್ಲೆಂಡಿಗೆ, 2005ರದು ನ್ಯೂಜಿಲೆಂಡಿಗೆ, 2008ರದು ಪಪುವಾ ನ್ಯೂಗಿನಿಗೆ ಹೋಯಿತು. ಭಾರತದ ತಂಡ ಮೊದಲ ಸಲ ಆಡಿದ್ದು 2008ರಲ್ಲೇ. ಅದೇ ನೆಲದ ಮಕ್ಕಳೇ ಆಡಬೇಕೆಂದು ಕಟ್ಟುಮಾಡಿದ್ದರಿಂದ ಪ್ರತಿ ದೇಶದಲ್ಲೂ ಶಾಲೆಗೆ ಹೋಗಿ ಕಲಿಸುವುದು ಅನಿವಾರ್ಯವಾಯಿತು.

ಇಷ್ಟಾದರೂ ಆ ಆಟಕ್ಕಿರುವ ತೊಡಕು ಸಣ್ಣದಲ್ಲ. ಸುಮಾರು 150 ಮೀಟರ್ ಉದ್ದದ ದುಂಡು ಮೈದಾನ ಯುರೋಪಿನ ಯಾವ ಪಟ್ಟಣದಲ್ಲಿ ಸುಲಭವಾಗಿ ಸಿಗುತ್ತದೆ? ಅಲ್ಲಿ ಒಂಬತ್ತೊಂಬತ್ತು ಜನರ ಆಟವನ್ನು ರೂಢಿಗೆ ತಂದು ಫುಟ್‌ಬಾಲ್ ಅಂಗಳದಲ್ಲೇ ಆಡಬೇಕಾಯಿತು. ಕಬಡ್ಡಿಗೆ ಬೇಕಾದದ್ದು 13 ಮೀಟರ್ ಉದ್ದ, 10 ಮೀಟರ್ ಅಗಲ. ಚೆಂಡು ಬೇಡ, ಬ್ಯಾಟು ಬೇಡ, ಬಲೆ ಬೇಡ. ಜಗತ್ತಿನಲ್ಲಿ ಇದಕ್ಕಿಂತ ಅಗ್ಗದ ತಂಡದ ಆಟ ಹುಡುಕುವುದು ಕಷ್ಟ. ಹಾಗಿದ್ದೂ ನಾವು ಎಲ್ಲಿ ಎಡವುತ್ತಿದ್ದೇವೆ?

ಉತ್ತರ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿದೆ. 1990ರ ಬೀಜಿಂಗ್‌ನಿಂದ ಸತತವಾಗಿ ಚಿನ್ನ ಗೆದ್ದಿದ್ದ ಭಾರತದ ಪುರುಷರು ಅಲ್ಲಿ ಸೆಮಿಫೈನಲ್‌ನಲ್ಲಿ ಇರಾನಿಗೆ 18–27ರಿಂದ ಸೋತರು. ಮರುದಿನ ಮಹಿಳೆಯರೂ ಫೈನಲ್‌ನಲ್ಲಿ ಇರಾನಿಗೆ 24–27ರಿಂದ ಮಣಿದರು. ಆ ಇರಾನ್ ಮಹಿಳೆಯರ ಕೋಚ್ ನಾಸಿಕ್‌ನ ಶೈಲಜಾ ಜೈನ್. ಮಹಾರಾಷ್ಟ್ರದಲ್ಲಿ ಬಹುಕಾಲ ತರಬೇತಿ ಕೊಟ್ಟು, ಭಾರತ ತಂಡದ ಹೊಣೆ ಸಿಗದೆ ಉಳಿದಿದ್ದ ಅವರನ್ನು ಇರಾನ್ ಕರೆದೊಯ್ದಿತ್ತು. ನಮ್ಮ ಪತ್ರಿಕೆಗಳು ಅಂದು ಬರೆದದ್ದು ಆಘಾತ, ಮುಖಭಂಗ ಎಂದು. ಸೋತ ಆಟಗಾರ್ತಿಯರ ಕಣ್ಣೀರು ನನಗೂ ಸಂಕಟ ತಂದಿತು. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ: ಕಬಡ್ಡಿ ನಿಜವಾಗಿ ವಿದೇಶಕ್ಕೆ ಕಾಲಿಟ್ಟದ್ದು ಆ ಎರಡು ದಿನಗಳಲ್ಲಿ. ನಮ್ಮವರೇ ಕಲಿಸಿ ನಮ್ಮನ್ನೇ ಸೋಲಿಸುವ ಮಟ್ಟಕ್ಕೆ ಇನ್ನೊಂದು ದೇಶ ಬೆಳೆಯಿತು. ಐವತ್ತು ಪ್ರದರ್ಶನ ಪಂದ್ಯಗಳಿಗಿಂತ ಆ ಒಬ್ಬ ಕೋಚ್ ಮಾಡಿದ ಕೆಲಸ ದೊಡ್ಡದು.

ಪ್ರೊ ಕಬಡ್ಡಿಯ ಕೊಡುಗೆಯನ್ನು ಅಲ್ಲಗಳೆಯಲಾಗದು. 2014ರಲ್ಲಿ ಶುರುವಾದ ಆ ಲೀಗ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಗೆ 2023ರ ಹರಾಜಿನಲ್ಲಿ 2.35 ಕೋಟಿ ರೂಪಾಯಿ ಕೊಟ್ಟಿತು. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಹುಡುಗ ಜಿಮ್ ಸ್ಟೈನ್ಸ್ ಮೆಲ್ಬರ್ನಿಗೆ ಹೋಗಿ 1991ರಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಲೀಗಿನ ಅತ್ಯುತ್ತಮ ಆಟಗಾರನ ಪದಕ ಗೆದ್ದ ಮೇಲೆ ಎಷ್ಟೋ ಐರಿಷ್ ತರುಣರು ಅದೇ ದಾರಿ ಹಿಡಿದರು. ದುಡ್ಡು ಪ್ರತಿಭೆಯನ್ನು ಸೆಳೆಯುತ್ತದೆ ನಿಜ. ಆದರೆ ಕೀನ್ಯಾದ ಅಥವಾ ಪೋಲೆಂಡಿನ ಶಾಲೆಯಲ್ಲಿ ಅಂಕಣ ಎಳೆದು ಕೊಡುವ ಕೆಲಸ ಹರಾಜಿನಿಂದ ಆಗುವುದಿಲ್ಲ. 2024ರ ಡಿಸೆಂಬರ್ 28ರಂದು ಮೆಲ್ಬರ್ನಿನಲ್ಲಿ ಪ್ರೊ ಕಬಡ್ಡಿ ತಾರೆಯರು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟಗಾರರ ತಂಡದೊಂದಿಗೆ ಪಂದ್ಯ ಆಡಿದರು. ಅಲ್ಲಿ ನೆಲೆಸಿದ ಭಾರತೀಯರಿಗೆ ಅದು ಸಂಭ್ರಮವೇ ಸರಿ. ಅದರ ಮರುವಾರ ವಿಕ್ಟೋರಿಯಾದ ಎಷ್ಟು ಶಾಲೆಗಳಲ್ಲಿ ಯಾರು ಕಲಿಸಲು ನಿಂತರು ಎಂಬುದನ್ನು ಸಂಘಟಕರು ಲೆಕ್ಕ ಇಡಬೇಕಿತ್ತು.

ನಮ್ಮ ಕಬಡ್ಡಿ ಆಡಳಿತದ ಸ್ಥಿತಿ ನೋವು ತರುವಂಥದ್ದು. ರಾಷ್ಟ್ರೀಯ ಫೆಡರೇಷನ್ನಿನ ಮೇಲೆ ಒಂದೇ ಕುಟುಂಬದ ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದರೆ 2018ರಲ್ಲಿ ದೆಹಲಿ ಹೈಕೋರ್ಟ್ ಮಧ್ಯೆ ಬಂದು ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. ಪುರುಷರ ವಿಶ್ವಕಪ್ 2004, 2007, 2016 ಎಂದು ಮನಸ್ಸು ಬಂದಾಗ ನಡೆಯಿತು. 2025ರಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದು ಬೇರೊಂದು ಒಕ್ಕೂಟದ ವಿಶ್ವಕಪ್. ಹೊಸದಾಗಿ ಕಲಿಯುವ ದೇಶ ಯಾರ ಬಾಗಿಲು ತಟ್ಟಬೇಕು?

ಇದಕ್ಕೂ ಉತ್ತರ ಕನ್ನಡದ ಅಂಕೋಲೆಯ ಬಾಳೆಗುಳಿಗೂ ಏನು ಸಂಬಂಧ ಎಂದರೆ, ಬಹಳ ಇದೆ. ಕರಾವಳಿಯ 66ನೇ ಹೆದ್ದಾರಿಯನ್ನು ಇಲ್ಲಿ ಕೂಡುವ 52ನೇ ಹೆದ್ದಾರಿ ಯಲ್ಲಾಪುರ, ಹುಬ್ಬಳ್ಳಿ ಹಾದು, ಹರಿಯಾಣದ ಹಿಸಾರ್ ದಾಟಿ ಪಂಜಾಬಿನ ಸಂಗ್ರೂರ್ ಮುಟ್ಟುತ್ತದೆ. ಒಂದೇ ರಸ್ತೆಯ ಎರಡೂ ತುದಿಗಳಲ್ಲಿ ಕಬಡ್ಡಿ ಆಡುತ್ತಾರೆ. ಆ ತುದಿಯ ಹುಡುಗನಿಗೆ ಅಕಾಡೆಮಿ ಇದೆ, ಮ್ಯಾಟ್ ಇದೆ. ಈ ತುದಿಯಲ್ಲಿ ಕೊಯ್ಲು ಮುಗಿದ ಗದ್ದೆಯನ್ನು ಸಮ ಮಾಡಿ, ನೀರು ಹೊಡೆದು, ದೀಪ ಕಟ್ಟಿ ಹೊನಲು ಬೆಳಕಿನ ಪಂದ್ಯಾವಳಿ ನಡೆಸುತ್ತಾರೆ. ಬರಿಗಾಲಿನ ಮಣ್ಣಾಟದಲ್ಲಿ ಕ್ಯಾಚರ್ ಜಾರಿಕೊಂಡು ಹೋಗಿ ಪಾದ ಹಿಡಿಯುತ್ತಾನೆ. ಬೂಟು ಹಾಕಿ ಮ್ಯಾಟ್ ಮೇಲೆ ಅದನ್ನೇ ಮಾಡಹೋದರೆ ಕಾಲು ನಿಂತಲ್ಲೇ ಕಚ್ಚಿಕೊಂಡು ಮಂಡಿ ತಿರುಚುತ್ತದೆ. ಊರಲ್ಲಿ ಹೆಸರಾದ ಆಟಗಾರ ರಾಜ್ಯಮಟ್ಟದ ಆಯ್ಕೆಯಲ್ಲಿ ಮೊದಲ ದಿನವೇ ಮಂಕಾಗುವುದು ಹೀಗೆ.

ಕಲಿಸುವ ಏಣಿಯನ್ನು ಅರ್ಧಕ್ಕೆ ಎಳೆದುಕೊಂಡರೆ ಏನಾಗುತ್ತದೆಂದು ಈ ಜಿಲ್ಲೆಗೆ ಗೊತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇಲ್ಲಿನ ಸಿದ್ದಿ ಸಮುದಾಯದ ಮಕ್ಕಳನ್ನು ಓಟ, ಜಿಗಿತಕ್ಕೆ ಆರಿಸಿ ತರಬೇತಿ ಕೊಟ್ಟಿತು. ಕಮಲಾ ಸಿದ್ದಿಯಂಥವರು ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಮನೆಗೆ ಮರಳಿದರು.

ಕಾರ್ಕಳದ ಹೆರ್ಮುಂಡೆಯಿಂದ ಬಂದ ಮಮತಾ ಪೂಜಾರಿ ಏಷ್ಯಾಡ್ ಚಿನ್ನ ಗೆದ್ದರು. ಕರ್ನಾಟಕದ ಬಿ.ಸಿ. ರಮೇಶ್ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳನ್ನು ಪ್ರೊ ಕಬಡ್ಡಿ ಚಾಂಪಿಯನ್ ಮಾಡಿದರು. ಕಲಿಸಬಲ್ಲವರು ನಮ್ಮಲ್ಲಿದ್ದಾರೆ. ಅಂಕೋಲೆಗೆ, ಕಾರವಾರಕ್ಕೆ ವರ್ಷವಿಡೀ ಬಳಸಬಹುದಾದ ಒಂದೊಂದು ಮ್ಯಾಟ್ ಅಂಕಣ, ಅದಕ್ಕೊಬ್ಬ ಸಂಬಳದ ಕೋಚ್ ಮೊದಲು ಬರಲಿ. ಆಟ ಮುಗಿಸಿದ ಮೂವತ್ತರ ಹರೆಯದವರಿಗೆ ಕೋಚಿಂಗ್ ಸರ್ಟಿಫಿಕೇಟ್ ಮಾಡಿಸಿ, ಎರಡು ಮೂರು ವರ್ಷದ ಕರಾರಿನ ಮೇಲೆ ನೈರೋಬಿಗೋ ವಾರ್ಸಾಗೋ ಸರ್ಕಾರದ ಖರ್ಚಿನಲ್ಲಿ ಕಳಿಸಲಿ. ಅಲ್ಲಿಂದ ಬರುವ ತಂಡದಲ್ಲಿ ವಲಸೆ ಹೋದ ನಮ್ಮವರಲ್ಲ, ಆ ನೆಲದಲ್ಲೇ ಬೆಳೆದ ಮಕ್ಕಳು ಆಡಬೇಕೆಂಬ ನಿಯಮವನ್ನು ಮುಂದಿನ ವಿಶ್ವಕಪ್ಪಿನಿಂದಲೇ ಜಾರಿಗೆ ತರಲಿ.