ಪೈಲಟ್ ಕೆಲಸಕ್ಕೆ ಉಳಿದ ಎರಡೆಕರೆಯನ್ನೂ ಮಾರಬೇಕೇ?

ಹೋದ ತಿಂಗಳು ತಿಪಟೂರು ಕಡೆಯಿಂದ ಒಬ್ಬ ಯಜಮಾನರು ನಮಗೆ ಫೋನ್ ಮಾಡಿದ್ದರು. ತೆಂಗಿನ ತೋಟದವರು. ನಾವು ಬರೆಯುವುದನ್ನು ಮಗಳ ಫೋನಿನಲ್ಲಿ ಓದುತ್ತಾರಂತೆ. "ಏನಪ್ಪಾ, ಪೇಪರ್ ವಿಷಯ ಓದ್ಕೊಂಡೋರು ನೀವು. ಒಂದು ಮಾತು ಕೇಳ್ತೀನಿ, ನಿಜ ಹೇಳಿ" ಅಂದರು.

ವಿಷಯ ಇಷ್ಟು. ಮಗನಿಗೆ ಇಪ್ಪತ್ತೆರಡು ವರ್ಷ. ಪೈಲಟ್ ಕೋರ್ಸ್ ಮುಗಿಸಿ, 200 ಗಂಟೆ ಹಾರಿಸಿ, ಲೈಸೆನ್ಸ್ ಕೈಗೆ ಬಂದು ಎಂಟು ತಿಂಗಳಾಗಿದೆ. ನಾಲ್ಕೆಕರೆ ತೋಟದಲ್ಲಿ ಎರಡೆಕರೆ ಆಗಲೇ ಹೋಗಿದೆ. ಅದರ ಮೇಲೆ ಬ್ಯಾಂಕ್ ಸಾಲ. ಕೆಲಸ ಇನ್ನೂ ಸಿಕ್ಕಿಲ್ಲ. ಈಗ ಬೆಂಗಳೂರಿನಲ್ಲಿ ಒಬ್ಬರು, "ಗಲ್ಫ್ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಕೆಲಸ ಪಕ್ಕಾ. ಸೆಲೆಕ್ಷನ್ ನಮ್ಮ ಜವಾಬ್ದಾರಿ. ಮೊದಲು 15 ಲಕ್ಷ ಕಟ್ಟಿ" ಅಂದಿದ್ದಾರೆ. ಉಳಿದ ಎರಡೆಕರೆಗೆ ಗಿರಾಕಿಯೂ ಬಂದು ನೋಡಿಕೊಂಡು ಹೋಗಿದ್ದಾನೆ.

"ಮಾರ್ಲಾ, ಬೇಡ್ವಾ?" ಇದು ಅವರ ಪ್ರಶ್ನೆ.

ಬೇಡ ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ನಾವು ಪತ್ರಿಕೋದ್ಯಮ ಓದಿದವರೇ ಹೊರತು ವಿಮಾನ ಓಡಿಸಿದವರಲ್ಲ. ನಾಲ್ಕು ದಿನ ಟೈಮ್ ಕೊಡಿ ಯಜಮಾನ್ರೇ ಎಂದು ಕೇಳಿಕೊಂಡೆವು. ಆ ನಾಲ್ಕು ದಿನದಲ್ಲಿ ವಿದೇಶದ ಪೈಲಟ್ ಆಯ್ಕೆ ಅಂದರೆ ಏನು, ಹೇಗೆ ನಡೆಯುತ್ತದೆ ಎಂದು ಹುಡುಕಿದೆವು. ಅದರೊಳಗೆ ಹೋಗಿ ಬಂದವರೊಬ್ಬರನ್ನು ಮಾತಾಡಿಸಿದೆವು. ನಮಗೆ ತಿಳಿದದ್ದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇವೆ. ಇಂಥ ಪ್ರಶ್ನೆ ಇಟ್ಟುಕೊಂಡಿರುವ ಮನೆ ಅದೊಂದೇ ಅಲ್ಲ.

ಮೊದಲು ಗಂಟೆಯ ಲೆಕ್ಕ

ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 200 ಗಂಟೆ ಹಾರಾಟ ಆಗಿರಬೇಕು. ಅದು ಸಣ್ಣ ವಿಮಾನದಲ್ಲಿ ಆಗುವ ಹಾರಾಟ. ಗಲ್ಫಿನ ದೊಡ್ಡ ಕಂಪನಿಗಳು ಹೊರದೇಶದವರನ್ನು ಕೋ-ಪೈಲಟ್ ಕೆಲಸಕ್ಕೆ ಕರೆಯುವಾಗ ಸಾಮಾನ್ಯವಾಗಿ ಕೇಳುವುದು ಸಾವಿರಾರು ಗಂಟೆಯ ಅನುಭವ, ಅದರಲ್ಲೂ ಜೆಟ್ ವಿಮಾನದ ಅನುಭವ.

ಅಮೆರಿಕದಲ್ಲಿ ಇನ್ನೂ ಬಿಗಿ. 2009ರ ಫೆಬ್ರವರಿಯಲ್ಲಿ ಬಫಲೋ ಊರಿನ ಬಳಿ ಒಂದು ವಿಮಾನ ಬಿದ್ದು 50 ಜನ ಸತ್ತರು. ಸತ್ತವರ ಮನೆಯವರು ಬಿಡದೆ ಹೋರಾಡಿದರು, ಕಾನೂನು ಬದಲಾಯಿತು. 2013ರಿಂದ ಅಲ್ಲಿ ಏರ್‌ಲೈನ್‌ನ ಕೋ-ಪೈಲಟ್ ಸೀಟಿಗೂ ಸಾಮಾನ್ಯವಾಗಿ 1,500 ಗಂಟೆ ಬೇಕು.

ಯುರೋಪಿನಲ್ಲಿ ಹೊಸಬರನ್ನು ತೆಗೆದುಕೊಳ್ಳುವ ಕಂಪನಿಗಳಿವೆ. ಆದರೆ ಅಲ್ಲಿ ಕೆಲಸ ಮಾಡುವ ಹಕ್ಕು ಇರಬೇಕು, ಅಲ್ಲಿನ ಲೈಸೆನ್ಸ್ ಇರಬೇಕು. ನಮ್ಮ ಲೈಸೆನ್ಸ್ ಹಿಡಿದುಕೊಂಡು ಹೋಗಿ ಅಲ್ಲಿ ಸೀದಾ ವಿಮಾನ ಹತ್ತುವಂತಿಲ್ಲ. 13 ವಿಷಯಗಳ ಪರೀಕ್ಷೆ ಬರೆಯಬೇಕು. ವೈದ್ಯಕೀಯ ಪರೀಕ್ಷೆ, ಹಾರಾಟದ ಪರೀಕ್ಷೆ ಹೊಸದಾಗಿ ಆಗಬೇಕು.

ಅಂದರೆ ಯಜಮಾನರ ಮಗನ 200 ಗಂಟೆಗೂ ಗಲ್ಫಿನ ಆ ಸೀಟಿಗೂ ನಡುವೆ ಇರುವುದು 15 ಲಕ್ಷ ರೂಪಾಯಿ ಅಲ್ಲ, ನಾಲ್ಕೈದು ವರ್ಷದ ಹಾರಾಟ. ಅದನ್ನು ಯಾವ ಏಜೆಂಟೂ ಮಾರಲಾರ.

ಒಳಗೆ ಏನು ನಡೆಯುತ್ತದೆ

ನಾವು ಮಾತಾಡಿಸಿದ ಅಣ್ಣ ಹಾಸನ ಕಡೆಯವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಲ್ಲಿನ ಏರ್‌ಲೈನ್‌ನಲ್ಲಿ ಆರು ವರ್ಷ ಹಾರಿಸಿದ ಮೇಲೆ ಗಲ್ಫಿನ ಕಂಪನಿಯೊಂದಕ್ಕೆ ಅರ್ಜಿ ಹಾಕಿದರು. ಮೊದಲ ಸಲ ಫೇಲ್. ಎರಡನೇ ಸಲ ಪಾಸ್. ಹೆಸರು ಬೇಡ ಅಂದಿದ್ದಾರೆ.

ಅರ್ಜಿ ಹಾಕಿದ್ದು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ. ನಡುವೆ ಯಾರೂ ಇರಲಿಲ್ಲ. ಐದು ತಿಂಗಳು ಉತ್ತರವೇ ಬರಲಿಲ್ಲ. ಆಮೇಲೆ ಆನ್‌ಲೈನ್ ಪರೀಕ್ಷೆ. ಒಂದು ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಪರದೆಯ ಮೇಲೆ ಓಡಾಡುವ ಚುಕ್ಕೆಯನ್ನು ನಡುವಿಗೆ ತರುತ್ತಿರಬೇಕು. ಅದೇ ಹೊತ್ತಿಗೆ ಕಿವಿಗೆ ಬೀಳುವ ಲೆಕ್ಕಕ್ಕೆ ಉತ್ತರ ಕೊಡಬೇಕು. "ಲೆಕ್ಕ ಸುಲಭ. ನಮ್ಮಮ್ಮ ಸಂತೆಯಲ್ಲಿ ಬಾಯಲ್ಲೇ ಹಾಕೋ ಲೆಕ್ಕ. ಆದ್ರೆ ಚುಕ್ಕೆ ನೋಡ್ಕೊಂಡು ಹಾಕ್ಬೇಕು, ಅದೇ ಕಷ್ಟ" ಅಂದರು.

ಅದು ದಾಟಿದ ಮೇಲೆ ಆ ದೇಶಕ್ಕೆ ಕರೆಸಿಕೊಂಡರು. ಟಿಕೆಟ್ ಅವರದೇ, ಹೋಟೆಲ್ ಅವರದೇ.

ಮೊದಲ ದಿನ ಗುಂಪು ಚರ್ಚೆ. ಆರು ಜನ, ಆರು ದೇಶದವರು. ಒಂದು ಕಾಗದ ಕೊಟ್ಟರು. ವಿಮಾನ ರಾತ್ರಿ ಸಣ್ಣ ಊರಲ್ಲಿ ಇಳಿದಿದೆ, ಪ್ರಯಾಣಿಕರು 150, ಹೋಟೆಲ್ ರೂಮು ಇರುವುದು 60, ಯಾರಿಗೆ ಕೊಡುತ್ತೀರಿ? ಮೂಲೆಯಲ್ಲಿ ಇಬ್ಬರು ಕೂತು ಸುಮ್ಮನೆ ಬರೆದುಕೊಳ್ಳುತ್ತಿದ್ದರು. ಉತ್ತರ ಸರಿಯೋ ತಪ್ಪೋ ಅವರಿಗೆ ಬೇಕಿಲ್ಲ. ಇನ್ನೊಬ್ಬರ ಮಾತು ಕೇಳುತ್ತೀರಾ? ಬಾಯಿ ಬಿಡದೆ ಕೂತವನನ್ನು ಮಾತಿಗೆ ಎಳೆಯುತ್ತೀರಾ? ನಿಮ್ಮದು ತಪ್ಪು ಎಂದಾಗ ಒಪ್ಪುತ್ತೀರಾ? ಅವರು ನೋಡುವುದು ಇದನ್ನು.

ಎರಡನೇ ದಿನ ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಇದ್ದು ನಿಜವಾದ ವಿಮಾನದಂತೆ ಅಲ್ಲಾಡುವ ಯಂತ್ರ. ಹಾರುವಾಗ ಒಂದು ಎಂಜಿನ್ ಕೆಡಿಸಿದರು. ನಮ್ಮ ಅಣ್ಣ ವಿಮಾನವನ್ನು ಸರಿಯಾಗಿಯೇ ಇಳಿಸಿದರು. ಆದರೂ ಫೇಲ್. ಕಾರಣ ಯಾರೂ ಹೇಳಲಿಲ್ಲ. ರೂಮಿಗೆ ಬಂದು ಕೂತು ಯೋಚಿಸಿದಾಗ ಅವರಿಗೇ ಹೊಳೆಯಿತು. ಎಲ್ಲವನ್ನೂ ಒಬ್ಬರೇ ಮಾಡಿದ್ದರು. ಪಕ್ಕದ ಸೀಟಿನಲ್ಲಿದ್ದವನಿಗೆ ಒಂದು ಕೆಲಸ ಹೇಳಿರಲಿಲ್ಲ, ಒಂದು ಮಾತು ಕೇಳಿರಲಿಲ್ಲ.

ಇದನ್ನು ಅವರು ಅಷ್ಟು ಗಟ್ಟಿಯಾಗಿ ನೋಡುವುದಕ್ಕೆ ಕಾರಣವಿದೆ. 1977ರ ಮಾರ್ಚ್ 27ರಂದು ಟೆನೆರಿಫ್ ಎಂಬ ದ್ವೀಪದಲ್ಲಿ, ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹೊರಟಿದ್ದ ವಿಮಾನದ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯೋ ಇಲ್ಲವೋ ಎಂದು ಅನುಮಾನ ಎತ್ತಿದ್ದ. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು. ಅದಾದ ಮೇಲೆ ಪ್ರಪಂಚದ ವಿಮಾನ ಕಂಪನಿಗಳು, ಕಿರಿಯವನು ಧೈರ್ಯವಾಗಿ ಹೇಳಬೇಕು, ಹಿರಿಯವನು ಕೇಳಬೇಕು ಎಂದು ಕಲಿಸಲು ಶುರುಮಾಡಿದವು.

ನಮ್ಮ ಹಳ್ಳಿ ಮಕ್ಕಳು ಇಲ್ಲೇ ಎಡವುತ್ತಾರೆ ಎಂದು ಅಣ್ಣ ಹೇಳಿದ್ದು ನಮ್ಮ ಮನಸ್ಸಿನಲ್ಲಿ ಉಳಿಯಿತು. ದೊಡ್ಡವರಿಗೆ ಎದುರಾಡಬೇಡ ಎಂದು ನಾವು ಹುಟ್ಟಿದಾಗಿನಿಂದ ಕಲಿಸುತ್ತೇವೆ. ಕಾಕ್‌ಪಿಟ್‌ನಲ್ಲಿ ಎದುರಾಡದಿದ್ದರೆ ಹಿಂದೆ ಕೂತಿರುವ ಇನ್ನೂರು ಜನರ ಜೀವ ಹೋಗುತ್ತದೆ. ಇದು ದುಡ್ಡು ಕೊಟ್ಟು ಒಂದು ವಾರದಲ್ಲಿ ಕಲಿಯುವ ವಿದ್ಯೆಯಲ್ಲ. ಮನೆಯಲ್ಲಿ, ಶಾಲೆಯಲ್ಲಿ ಮಗು ಪ್ರಶ್ನೆ ಕೇಳಿದಾಗ ಗದರದೆ ಇದ್ದರೆ ಬರುವ ವಿದ್ಯೆ.

ಇಂಗ್ಲಿಷ್ ಬಗ್ಗೆಯೂ ಒಂದು ಮಾತು. ಅಂತರರಾಷ್ಟ್ರೀಯ ನಿಯಮದಲ್ಲಿ ಇಂಗ್ಲಿಷ್‌ಗೆ ಆರು ಹಂತಗಳಿವೆ. ವಿದೇಶಕ್ಕೆ ಹಾರುವ ಪೈಲಟ್‌ಗೆ ನಾಲ್ಕನೇ ಹಂತ ಸಾಕು. ನಮ್ಮ ಉಚ್ಚಾರದಲ್ಲೇ ಮಾತಾಡಬಹುದು, ಕೇಳುವವರಿಗೆ ಗೊಂದಲವಿಲ್ಲದೆ ತಿಳಿಯಬೇಕು ಅಷ್ಟೆ. ಕನ್ನಡ ಮೀಡಿಯಂ ಎಂದು ಯಾರೂ ಹಿಂಜರಿಯಬೇಕಿಲ್ಲ.

ಇಷ್ಟರ ಮೇಲೆ ಸಂದರ್ಶನ, ವೈದ್ಯಕೀಯ ತಪಾಸಣೆ, ಮನಸ್ಸಿನ ಪರೀಕ್ಷೆ. 2015ರ ಮಾರ್ಚ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನದ ಕೋ-ಪೈಲಟ್ ಬೇಕೆಂದೇ ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. ವಿಮಾನದಲ್ಲಿದ್ದ 150 ಜನರೂ ಸತ್ತರು. ಆಮೇಲೆ ಯುರೋಪಿನಲ್ಲಿ ಪೈಲಟ್ ಕೆಲಸಕ್ಕೆ ಸೇರುವ ಮುನ್ನ ಮಾನಸಿಕ ಪರೀಕ್ಷೆ ಕಡ್ಡಾಯವಾಯಿತು.

ಕೊನೆಗೆ ಕಾಗದ ಪತ್ರ. ಹಾರಿಸಿದ ಗಂಟೆಗಳ ಪುಸ್ತಕ ನಿಜವೇ, ಲೈಸೆನ್ಸ್ ನಿಜವೇ ಎಂದು ಅದನ್ನು ಕೊಟ್ಟ ಸರ್ಕಾರವನ್ನೇ ಕೇಳುತ್ತಾರೆ. 2020ರಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು, ತಮ್ಮ 860 ಪೈಲಟ್‌ಗಳಲ್ಲಿ 262 ಜನರ ಲೈಸೆನ್ಸ್ ಅನುಮಾನಾಸ್ಪದ ಎಂದು ಸಂಸತ್ತಿನಲ್ಲೇ ಹೇಳಿದರು. ಯುರೋಪ್ ಆ ದೇಶದ ವಿಮಾನಗಳಿಗೆ ಬಾಗಿಲು ಹಾಕಿತು. ಬೇರೆ ದೇಶಗಳಲ್ಲಿ ಕೆಲಸಕ್ಕಿದ್ದ ಪಾಕಿಸ್ತಾನಿ ಪೈಲಟ್‌ಗಳಲ್ಲಿ ಪ್ರಾಮಾಣಿಕರನ್ನೂ ಅನುಮಾನದಿಂದ ನೋಡಿದರು. "ಗಂಟೆ ಅಡ್ಜಸ್ಟ್ ಮಾಡಿಕೊಡ್ತೀವಿ" ಅನ್ನುವವರು ಸಿಕ್ಕರೆ ಈ ಕಥೆ ನೆನಪಿರಲಿ.

ದುಡ್ಡು ಯಾರು ಕೊಡಬೇಕು

ದನದ ಜಾತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋರಿ ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ನೊಗ ಇಟ್ಟೂ ನೋಡುತ್ತಾನೆ. ಎಲ್ಲ ಒಪ್ಪಿಗೆಯಾದರೆ ದುಡ್ಡು ಎಣಿಸುವವನು ಅವನೇ. ವಿಮಾನ ಕಂಪನಿ ನಡೆಸುವ ಆಯ್ಕೆಯೂ ಹೀಗೆಯೇ. ಬೇಕಾದವನು ಅವನು, ಹುಡುಕುವ ಖರ್ಚೂ ಅವನದು.

ಹಾಗಂತ ಈ ದಾರಿಯಲ್ಲಿ ಖರ್ಚೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಒಂದೊಂದು ಮಾದರಿಯ ವಿಮಾನಕ್ಕೆ ಬೇರೆ ಬೇರೆ ತರಬೇತಿ ಬೇಕು, ಅದಕ್ಕೆ ಟೈಪ್ ರೇಟಿಂಗ್ ಅನ್ನುತ್ತಾರೆ. ಅದಕ್ಕೆ ಲಕ್ಷಗಟ್ಟಲೆ ಆಗುತ್ತದೆ. ಎಷ್ಟೋ ಕಡೆ ಅದನ್ನು ಹುಡುಗರೇ ಕಟ್ಟಬೇಕು. ಪರೀಕ್ಷೆಗೆ ಶುಲ್ಕ ತೆಗೆದುಕೊಳ್ಳುವ ಕಂಪನಿಗಳೂ ಇವೆ. ಆದರೆ ತರಬೇತಿಗೆ, ಪರೀಕ್ಷೆಗೆ ಕೊಡುವ ದುಡ್ಡು ಬೇರೆ, ಫಲಿತಾಂಶಕ್ಕೆ ಕೊಡುವ ದುಡ್ಡು ಬೇರೆ. "ಪಕ್ಕಾ" ಎಂಬ ಮಾತಿಗೆ ಬೆಲೆ ಕಟ್ಟಿದ ಕೂಡಲೇ ಅದು ಮೋಸ.

ಕಾನೂನೂ ಇದನ್ನೇ ಹೇಳುತ್ತದೆ. ನಮ್ಮ 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅದರ ನಿಯಮದಲ್ಲಿ ಅವನು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಹೆಸರು ಇದೆಯೋ ಇಲ್ಲವೋ ಎಂದು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಫೋನಿನಲ್ಲೇ ನೋಡಬಹುದು. ದುಬೈ ಇರುವ ಯುಎಇ ದೇಶದ ಕಾರ್ಮಿಕ ಕಾನೂನು, ನೇಮಕಾತಿಯ ಖರ್ಚನ್ನು ನೌಕರನಿಂದ ನೇರವಾಗಿಯೂ ಸುತ್ತಿ ಬಳಸಿಯೂ ವಸೂಲು ಮಾಡಬಾರದು ಎನ್ನುತ್ತದೆ.

ನಮ್ಮ ತಪ್ಪೂ ಇದೆ

ಏಜೆಂಟರನ್ನು ಮಾತ್ರ ಬೈದರೆ ಅರ್ಧ ಸತ್ಯ ಹೇಳಿದಂತೆ. "ಹಳ್ಳಿ ಹುಡುಗ ಈಗ ಪೈಲಟ್" ಎಂದು ಫೋಟೋ ಹಾಕಿ ಬರೆದವರು ನಾವು. ಹಾರ ಹಾಕಿಸಿಕೊಂಡ ಆ ಹುಡುಗನ ಕೈಯಲ್ಲಿ ಇದ್ದದ್ದು ಲೈಸೆನ್ಸ್, ಕೆಲಸವಲ್ಲ. ಎಷ್ಟು ಖರ್ಚಾಯಿತು, ಏನು ಮಾರಿದಿರಿ ಎಂದು ನಾವು ಕೇಳಲಿಲ್ಲ. ವರ್ಷ ಬಿಟ್ಟು ಹೋಗಿ ಈಗ ಏನು ಮಾಡುತ್ತಿದ್ದೀಯಪ್ಪಾ ಎಂದೂ ಕೇಳಲಿಲ್ಲ. ಆ ಸುದ್ದಿ ಓದಿ ಎಷ್ಟು ಮನೆಯವರು ಪಹಣಿ ತೆಗೆದುಕೊಂಡು ಬ್ಯಾಂಕಿಗೆ ಹೋದರೋ.

ವಿಮಾನ ಕಂಪನಿಗಳು ಮುಳುಗುವುದೂ ಉಂಟು ಎಂದು ನಾವು ಬರೆಯಬೇಕಿತ್ತು. 2012ರಲ್ಲಿ ಬೆಂಗಳೂರಿನದೇ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಹಾಗೆ ನಿಂತಾಗಲೆಲ್ಲ ಸಾವಿರಾರು ಗಂಟೆ ಅನುಭವ ಇರುವವರು ಕೆಲಸ ಹುಡುಕುತ್ತ ಸಾಲಿನಲ್ಲಿ ನಿಲ್ಲುತ್ತಾರೆ. ಅದೇ ಸಾಲಿನ ಕೊನೆಯಲ್ಲಿ ನಮ್ಮ 200 ಗಂಟೆಯ ಹುಡುಗ.

ಹಳ್ಳಿ ಮಕ್ಕಳು ಪೈಲಟ್ ಆಗಬಾರದು ಎಂಬುದು ನಮ್ಮ ಮಾತಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ಶಾಲೆ ಇದೆ. ಆಗಲಿ. ಆದರೆ ಫ್ಲೈಯಿಂಗ್ ಸ್ಕೂಲುಗಳು ತಮ್ಮಲ್ಲಿ ಕಲಿತವರಲ್ಲಿ ಎಷ್ಟು ಜನಕ್ಕೆ, ಎಷ್ಟು ವರ್ಷಕ್ಕೆ ಕೆಲಸ ಸಿಕ್ಕಿತು ಎಂದು ಬೋರ್ಡಿಗೆ ಬರೆದು ಹಾಕುವಂತೆ ಸರ್ಕಾರ ಮಾಡಬೇಕು. ಗೊಬ್ಬರದ ಚೀಲದ ಮೇಲೆ ಒಳಗೆ ಏನಿದೆ ಎಂದು ಬರೆದಿರುತ್ತದೆ. ಅರ್ಧ ಕೋಟಿ ಮೀರಿ ಫೀಸು ಕೇಳುವ ಜಾಗದಲ್ಲಿ ಅಷ್ಟೂ ಇಲ್ಲ.

ಅಲ್ಲಿಯವರೆಗೆ ಈ ಐದು ಪ್ರಶ್ನೆಗಳನ್ನು ನೀವೇ ಕೇಳಿ:

1. ನಿಮ್ಮ ನೋಂದಣಿ ಸಂಖ್ಯೆ ಎಷ್ಟು?
2. ಯಾವ ಕಂಪನಿ, ಎಷ್ಟು ಗಂಟೆ ಅನುಭವ ಕೇಳಿದೆ? ಅದರ ಸ್ವಂತ ವೆಬ್‌ಸೈಟಿನಲ್ಲಿ ತೋರಿಸಿ.
3. ಈ ದುಡ್ಡು ಯಾವುದಕ್ಕೆ? ತರಬೇತಿಗೋ, ಆಯ್ಕೆಗೋ?
4. ಕಂಪನಿಯ ಹೆಸರಿನ ಖಾತೆಗೆ ಕಟ್ಟಬೇಕೋ, ನಿಮ್ಮ ಖಾತೆಗೋ? ರಸೀದಿ ಕೊಡುತ್ತೀರಾ?
5. ಆಯ್ಕೆಯಾಗದಿದ್ದರೆ ದುಡ್ಡು ಯಾವ ದಿನ ವಾಪಸ್? ಬರೆದು ಕೊಡುತ್ತೀರಾ?

ಯಜಮಾನರಿಗೂ ಇದನ್ನೇ ಹೇಳಿದೆವು. ಮಗ ಸದ್ಯ ಇಲ್ಲಿನ ಏರ್‌ಲೈನ್‌ಗಳಿಗೇ ಅರ್ಜಿ ಹಾಕಲಿ, ಆದರೆ ಬೋಧಕರ ತರಬೇತಿ ಪಡೆದು ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಸುತ್ತ ಗಂಟೆ ಕೂಡಿಸಲಿ, ವೈದ್ಯಕೀಯ ಪ್ರಮಾಣಪತ್ರದ ಅವಧಿ ಮುಗಿಯಲು ಬಿಡದಿರಲಿ ಎಂದು ಹಾಸನದ ಅಣ್ಣ ಹೇಳಿದ್ದನ್ನೂ ಮುಟ್ಟಿಸಿದೆವು. ಹುಡುಗನಿಗೆ ಬೇಜಾರಾಯಿತಂತೆ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ.

ಮೊನ್ನೆ ಅವರು ಮತ್ತೆ ಫೋನ್ ಮಾಡಿದ್ದರು. ಏಜೆಂಟ್‌ನ ಹತ್ತಿರ ನೋಂದಣಿ ಸಂಖ್ಯೆ ಕೇಳಿದರಂತೆ. ಅವನು ಅದನ್ನು ಹೇಳದೆ, "ನಿಮಗೋಸ್ಕರ 9 ಲಕ್ಷಕ್ಕೆ ಮಾಡ್ಕೊಡ್ತೀನಿ" ಅಂದನಂತೆ.

"ಕೊಬ್ಬರಿ ವ್ಯಾಪಾರದಲ್ಲೂ ಒಂದೇ ಸಲಕ್ಕೆ ಇಷ್ಟು ಇಳಿಸಲ್ಲ ಕಣಪ್ಪಾ" ಅಂದರು ಯಜಮಾನರು. ತೋಟ ನೋಡಲು ಬಂದಿದ್ದ ಗಿರಾಕಿಗೆ ಸದ್ಯಕ್ಕೆ ಇಲ್ಲ ಎಂದು ಹೇಳಿ ಕಳಿಸಿದ್ದಾರೆ.