ರಸೀದಿಯಲ್ಲಿ ಬರದ ಫೀಸು

ಜೂನ್ ಬಂತೆಂದರೆ ಪರಿಚಿತರಿಂದ ಬರುವ ಫೋನುಗಳಲ್ಲಿ ಒಂದೆರಡಾದರೂ ಲಾ ಕಾಲೇಜಿನ ಬಗ್ಗೆ ಇರುತ್ತವೆ. ಮಗಳು ಪಿಯುಸಿ ಮುಗಿಸಿದ್ದಾಳೆ, ಐದು ವರ್ಷದ ಕೋರ್ಸಿಗೆ ಹಾಕೋಣ ಅಂತಿದ್ದೇವೆ. ಮಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ, ಮೂರು ವರ್ಷದ ಎಲ್‌ಎಲ್‌ಬಿ ಮಾಡಿಸಿದರೆ ಹೇಗೆ? ಸುತ್ತಿ ಬಳಸಿ ಮಾತು ಬಂದು ನಿಲ್ಲುವುದು ಒಂದೇ ಕಡೆ: ಒಟ್ಟು ಎಷ್ಟಾಗುತ್ತೆ? ಪತ್ರಿಕೆಯವರಿಗೆ ಎಲ್ಲವೂ ಗೊತ್ತಿರುತ್ತದೆಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ, ಸಂತೋಷ. ಆದರೆ ಈ ಪ್ರಶ್ನೆಗೆ ಕಾಲೇಜಿನ ಪ್ರಾಸ್ಪೆಕ್ಟಸ್ ಕೊಡುವ ಉತ್ತರ ಅರ್ಧ ಮಾತ್ರ. ಕಾಲೇಜಿನ ಮೆಟ್ಟಿಲು ಹತ್ತುವ ಮುಂಚೆ ಒಂದಷ್ಟು, ಇಳಿದ ಮೇಲೆ ಇನ್ನಷ್ಟು ಕಟ್ಟಬೇಕಾಗುತ್ತದೆ. ಅದಕ್ಕೆ ಯಾರೂ ರಸೀದಿ ಕೊಡುವುದಿಲ್ಲ. ನಾಳೆ ಯಾವ ಕೋರ್ಟಿನಲ್ಲಿ ಯಾರ ಮಕ್ಕಳು ಕರಿಕೋಟು ಹಾಕಿ ನಿಲ್ಲುತ್ತಾರೆ ಎಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಈ ರಸೀದಿಯಿಲ್ಲದ ಹಣವೇ.

ಮೊದಲು ರಸೀದಿ ಇರುವ ಹಣವನ್ನೇ ನೋಡೋಣ. ಜಿಲ್ಲಾ ಕೇಂದ್ರದ ಕಾಲೇಜೊಂದರ ಫೀ ರಸೀದಿ ನನ್ನ ಮೇಜಿನ ಮೇಲಿದೆ. ಬೋಧನಾ ಶುಲ್ಕ, ಪ್ರವೇಶ ಶುಲ್ಕ, ಗ್ರಂಥಾಲಯ, ಕ್ರೀಡೆ, ಗುರುತಿನ ಚೀಟಿ, ವಿದ್ಯಾರ್ಥಿ ಕಲ್ಯಾಣ ನಿಧಿ, ಶಿಕ್ಷಕರ ಕಲ್ಯಾಣ ನಿಧಿ, ವಿಶ್ವವಿದ್ಯಾಲಯದ ನೋಂದಣಿ, ಮೂಟ್ ಕೋರ್ಟ್, ಕಡೆಗೆ ‘ಇತರೆ’. ಪಾಠ ಹೇಳುವುದಕ್ಕೆಂದು ತೆಗೆದುಕೊಂಡ ಮೊತ್ತ ಪಟ್ಟಿಯ ಮಧ್ಯದಲ್ಲೆಲ್ಲೋ ಸಂಕೋಚದಿಂದ ಕೂತಿದೆ. ಎಲ್ಲಕ್ಕಿಂತ ದೊಡ್ಡ ಅಂಕಿ ‘ಇತರೆ’ಯ ಎದುರಿಗಿದೆ. ಬೋಧನಾ ಶುಲ್ಕವನ್ನು ಏರಿಸಿದರೆ ಪ್ರಶ್ನೆ ಏಳುತ್ತದೆ, ‘ಇತರೆ’ಯನ್ನು ಯಾರೂ ಕೇಳುವುದಿಲ್ಲ. ಇದರ ಮೇಲೆ ಪ್ರತಿ ಸೆಮಿಸ್ಟರಿಗೂ ಪರೀಕ್ಷಾ ಶುಲ್ಕ. ಉಳಿದುಹೋದ ಪೇಪರಿಗೆ ಮತ್ತೊಮ್ಮೆ. ಅಂಕ ಒಪ್ಪಿಗೆಯಾಗದಿದ್ದರೆ ಮರುಮೌಲ್ಯಮಾಪನಕ್ಕೆ ಇನ್ನೊಮ್ಮೆ. ಪರಿಶಿಷ್ಟರು, ಹಿಂದುಳಿದವರಿಗೆ ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ ಉಂಟು. ಆದರೆ ಮೊದಲು ಕಟ್ಟಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ (ಎಸ್‌ಎಸ್‌ಪಿ) ಅರ್ಜಿ ಹಾಕಿ, ಜಾತಿ-ಆದಾಯ ಪತ್ರದ ಹೆಸರಿಗೂ ಆಧಾರಿನ ಹೆಸರಿಗೂ ಇನಿಷಿಯಲ್ ತಾಳೆಯಾಗಿ, ಹಣ ಖಾತೆಗೆ ಬೀಳುವ ತನಕ ಆ ಸಾಲವನ್ನು ಹೊತ್ತು ನಡೆಯುವವರು ಅಪ್ಪ-ಅಮ್ಮನೇ.

ಆದರೂ ಇದು ನಿಭಾಯಿಸಬಹುದಾದ ಹಣ. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಸರ್ಕಾರಿ, ಅನುದಾನಿತ ಕಾಲೇಜಾದರೆ ವರ್ಷಕ್ಕೆ ಸಾವಿರಗಳಲ್ಲಿ ಮುಗಿಯುತ್ತದೆ. ಬೆಂಗಳೂರಿನ ಖಾಸಗಿ ಕಾಲೇಜಾದರೆ ಲೆಕ್ಕ ಲಕ್ಷದ ಕಡೆ ಹೊರಳುತ್ತದೆ.

ಅದೇ ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿನ ಕತೆ ಬೇರೆ. ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ ಮೂರು-ನಾಲ್ಕು ಲಕ್ಷ. ಐದು ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಲಕ್ಷ. ಇದು ಖಾಸಗಿ ಸಂಸ್ಥೆಯಲ್ಲ. ನಮ್ಮದೇ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ್ದು. ಎನ್.ಆರ್. ಮಾಧವ ಮೆನನ್ ಇದನ್ನು ಕಟ್ಟಿದರು. 1988ರಲ್ಲಿ ಮೊದಲ ತಂಡ ಬಂತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೇ ಕುಲಾಧಿಪತಿ. ಇಷ್ಟೆಲ್ಲ ಕೇಳಿದವರು ಖರ್ಚನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ ಎಂದುಕೊಳ್ಳುವುದು ಸಹಜ. ಹಾಗಿಲ್ಲ. ಕಾಯ್ದೆ ಸರ್ಕಾರದ್ದು, ಜಾಗ ಸಾರ್ವಜನಿಕರದ್ದು, ಸಂಸ್ಥೆ ನಡೆಸುವ ದುಡ್ಡಿನಲ್ಲಿ ದೊಡ್ಡ ಪಾಲು ಮಾತ್ರ ವಿದ್ಯಾರ್ಥಿಗಳದ್ದು. ಮೇಷ್ಟ್ರ ಸಂಬಳ, ಗ್ರಂಥಾಲಯದ ಡೇಟಾಬೇಸು, ಹಾಸ್ಟೆಲಿನ ರಿಪೇರಿ ಎಲ್ಲಕ್ಕೂ ಫೀಸೇ ಆಧಾರ. ದೇಶದಲ್ಲಿ ಆಮೇಲೆ ಹುಟ್ಟಿದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳೂ ಬಹುಪಾಲು ಇದೇ ಅಚ್ಚಿನವು. ಬಹುಕಾಲ 80 ಇದ್ದ ನಾಗರಬಾವಿಯ ಸೀಟುಗಳು ಈಚಿನ ವರ್ಷಗಳಲ್ಲಿ ಮೂರು ಪಟ್ಟಾದರೂ ಆಗಿವೆ; ಖರ್ಚು ಹಂಚಿಕೊಳ್ಳುವ ತಲೆಗಳು ಹೆಚ್ಚಿದಾಗ ಫೀಸು ಇಳಿಯಬಹುದೆಂದು ಯಾರಾದರೂ ಕಾದಿದ್ದರೆ, ಅದಂತೂ ಆಗಲಿಲ್ಲ.

ತಮಾಷೆಯೆಂದರೆ, ಫೀಸಿನ ಬಗ್ಗೆ ಈ ದೇಶದ ದೊಡ್ಡ ತೀರ್ಪುಗಳಲ್ಲಿ ಕೆಲವು ಕರ್ನಾಟಕದ ಪ್ರಕರಣಗಳಿಂದಲೇ ಬಂದವು. 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ 2,000, ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಎಂದು ಗೊತ್ತುಮಾಡಿತ್ತು. ಅದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ, 1992ರಲ್ಲಿ, ಕ್ಯಾಪಿಟೇಷನ್ ಫೀ ಸಂವಿಧಾನಬಾಹಿರ ಎಂಬ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು, ದುಡ್ಡಿದ್ದವರ ಪೇಮೆಂಟ್ ಸೀಟಿನಿಂದ ಇಲ್ಲದವರ ಫ್ರೀ ಸೀಟು ನಡೆಯಲಿ ಎಂದಿತು. 2002ರಲ್ಲಿ, ಮತ್ತೆ ಕರ್ನಾಟಕವೇ ಎದುರುವಾದಿಯಾಗಿದ್ದ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಏರ್ಪಾಟನ್ನು ತೆಗೆದುಹಾಕಿ, ಅನುದಾನ ಪಡೆಯದ ಸಂಸ್ಥೆ ತನ್ನ ಫೀಸನ್ನು ತಾನೇ ಗೊತ್ತುಮಾಡಿಕೊಳ್ಳಬಹುದು, ಲಾಭಕೋರತನ ಮಾತ್ರ ಕೂಡದು ಎಂದಿತು. ಲಾ ಓದುವ ಹುಡುಗರು ಇವನ್ನೆಲ್ಲ ಇಂಟರ್ನಲ್ಸಿಗೆ ಬಾಯಿಪಾಠ ಮಾಡುತ್ತಾರೆ. ಅದೇ ದಿನ ಮಧ್ಯಾಹ್ನ ಎರಡನೇ ಕಂತು ಕಟ್ಟಲು ಕ್ಯೂ ನಿಲ್ಲುತ್ತಾರೆ.

ಈ ಸಾಲಿನಲ್ಲಿ ನನಗೆ ಬಹಳ ಮುಖ್ಯವೆನಿಸುವ ತೀರ್ಪು ಇನ್ನೊಂದು, ಅದು ಮಹಾರಾಷ್ಟ್ರದ್ದು. ಬೇರೆಲ್ಲ ಖಾಸಗಿ ಕಾಲೇಜಿಗೆ ಅನುದಾನ ಕೊಟ್ಟು ಲಾ ಕಾಲೇಜಿಗೆ ಮಾತ್ರ ಇಲ್ಲವೆನ್ನುವುದು ಸಲ್ಲದು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಮನುಭಾಯಿ ವಾಶಿ ಪ್ರಕರಣದಲ್ಲಿ ಹೇಳಿತು. ಅದು ಕೊಟ್ಟ ಕಾರಣ ನೋಡಿ: ಬಡವನಿಗೆ ಉಚಿತ ಕಾನೂನು ನೆರವು ಸಿಗಬೇಕಾದರೆ ಚೆನ್ನಾಗಿ ಓದಿದ ವಕೀಲರು ಬೇಕು, ಅಂಥವರನ್ನು ತಯಾರುಮಾಡುವ ಕಾಲೇಜಿಗೆ ಸರ್ಕಾರ ಹಣ ಕೊಡಲೇಬೇಕು. ಲಾ ಕಾಲೇಜಿನ ಫೀಸು ವಿದ್ಯಾರ್ಥಿಯ ಮನೆಯ ವಿಷಯವಷ್ಟೇ ಅಲ್ಲ, ಅದು ಕಕ್ಷಿದಾರನ ವಿಷಯವೂ ಹೌದು ಎಂದು ಇಷ್ಟು ನೇರವಾಗಿ ಹೇಳಿದ್ದು ಆ ತೀರ್ಪು. ಅದನ್ನು ಮುಂದಿಟ್ಟುಕೊಂಡು ನಮ್ಮಲ್ಲಿ ಯಾರೂ ಬೀದಿಗಿಳಿದ ಹಾಗಿಲ್ಲ.

ಊರಿನ ಹತ್ತಿರ ಒಂದು ಕಾಲೇಜು ಇರುವುದೇ ಎಷ್ಟು ಫೀಸು ಉಳಿಸುತ್ತದೆ ಎನ್ನುವುದನ್ನು ಉತ್ತರ ಕರ್ನಾಟಕದವರು ಬಲ್ಲರು. ಆಲೂರು ವೆಂಕಟರಾಯರ ಕಾಲದಲ್ಲಿ ವಕೀಲನಾಗಬೇಕೆಂದರೆ ಮುಂಬಯಿಯ ರೈಲು ಹತ್ತಬೇಕಿತ್ತು. ರೈಲಿನ ಚಾರ್ಜು, ಖೋಲಿಯ ಬಾಡಿಗೆ, ಖಾನಾವಳಿ; ಕಾಲೇಜಿನ ಫೀಸು ಇವುಗಳ ಹಿಂದೆ. 1939ರಲ್ಲಿ ಬೆಳಗಾವಿಯ ವಕೀಲರು ಕರ್ನಾಟಕ ಲಾ ಸೊಸೈಟಿ ಕಟ್ಟಿ, ಮುಂದೆ ವಂಟಮೂರಿಯ ರಾಜಾ ಲಖಮಗೌಡರ ಹೆಸರು ಹೊತ್ತ ಕಾಲೇಜನ್ನು ತೆರೆದಾಗ ಒಂದು ಸೀಮೆಯ ಹುಡುಗರ ಈ ಖರ್ಚು ಒಂದೇ ಏಟಿಗೆ ಇಳಿಯಿತು. ಗುಮಾಸ್ತರು, ಮೇಷ್ಟ್ರುಗಳು ಕೆಲಸ ಮುಗಿಸಿಕೊಂಡು ಹೋಗುತ್ತಿದ್ದ ಸಂಜೆ ಕಾಲೇಜುಗಳೂ ಮಾಡಿದ್ದು ಅದನ್ನೇ, ಸಂಬಳ ಬಿಡದೆ ಓದಬಹುದಿತ್ತು. ಬಾರ್ ಕೌನ್ಸಿಲಿನ 2008ರ ನಿಯಮಗಳು ತರಗತಿ ಬೆಳಿಗ್ಗೆ ಎಂಟರಿಂದ ಸಂಜೆ ಏಳರೊಳಗೆ ಮುಗಿಯಬೇಕೆಂದವು. ಗುಣಮಟ್ಟಕ್ಕಾಗಿ ಮಾಡಿದ್ದು, ತಪ್ಪೆನ್ನಲಾರೆ. ಆದರೆ ಕೆಲಸದಲ್ಲಿದ್ದುಕೊಂಡು ಓದುವವನ ಫೀಸಿಗೆ ಮೂರು ವರ್ಷದ ಸಂಬಳವೂ ಅಂದೇ ಸೇರಿಕೊಂಡಿತು.

ಈಗ ರಸೀದಿಯಿಲ್ಲದ ಹಣಕ್ಕೆ ಬರೋಣ. ಮುಂಚಿತವಾಗಿ ಕಟ್ಟುವ ಫೀಸು ಇಂಗ್ಲಿಷಿನದು. ನಾಗರಬಾವಿಗೆ ದಾರಿ ಕ್ಲ್ಯಾಟ್ ಪರೀಕ್ಷೆ; ಅದು ಇಂಗ್ಲಿಷಿನಲ್ಲಿ ಮಾತ್ರ. ಅರ್ಜಿಗೇ ಸಾಮಾನ್ಯ ವರ್ಗದವರು 4,000 ರೂಪಾಯಿ ಕಟ್ಟಬೇಕು. ಪರಿಶಿಷ್ಟರಿಗೆ, ಬಿಪಿಎಲ್‌ನವರಿಗೆ 3,500, ಇಳಿಸಿದ್ದು ಐನೂರು! ಕೋಚಿಂಗ್ ಬೇರೆ, ಅದಕ್ಕೂ ಮುಂಚಿನ ಹನ್ನೆರಡು ವರ್ಷದ ಇಂಗ್ಲಿಷ್ ಶಾಲೆ ಬೇರೆ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25ರಷ್ಟು ಸೀಟು ಕೊಡಬೇಕೆಂದು 2020ರಲ್ಲಿ ಮಾಡಿದ ತಿದ್ದುಪಡಿಯನ್ನು ಹೈಕೋರ್ಟ್ ಅದೇ ವರ್ಷ ರದ್ದುಮಾಡಿತು. ಆಮೇಲೆ ಸಂಸ್ಥೆಯೇ ತನ್ನದೊಂದು ಏರ್ಪಾಟು ಮಾಡಿಕೊಂಡಿತು. ಆದರೆ ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಹತ್ತು ವರ್ಷ ಓದಿದವನೂ ಸಿಂದಗಿಯ ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಓದಿದವನೂ ಆ ಲೆಕ್ಕದಲ್ಲಿ ಸಮಾನರು. ಇಂಥ ಅಂತರವನ್ನು ಮುಂಚೆಯೇ ಸರಿಪಡಿಸಲು ಹೊರಟವರೊಬ್ಬರು ಶಮ್ನಾದ್ ಬಶೀರ್. ನಾಗರಬಾವಿಯಲ್ಲೇ ಓದಿದವರು. ಬಡ ಮಕ್ಕಳನ್ನು ಹುಡುಕಿ, ಕ್ಲ್ಯಾಟಿಗೆ ತಯಾರುಮಾಡಿ, ಸೀಟು ಸಿಕ್ಕ ಮೇಲೆ ಓದಿಗೂ ಹಣ ಹೊಂದಿಸುವ ‘ಇಡಿಯಾ’ ಎಂಬ ಸಂಸ್ಥೆಯನ್ನು 2010ರಲ್ಲಿ ಶುರುಮಾಡಿದರು. 2019ರಲ್ಲಿ ನಮ್ಮ ಬಾಬಾಬುಡನ್‌ಗಿರಿಗೆ ಬಂದವರು ಅಲ್ಲೇ ತೀರಿಹೋದರು. ಸಂಸ್ಥೆ ನಿಂತಿಲ್ಲ.

ಇನ್ನು ಹೊರಬಂದ ಮೇಲಿನ ಫೀಸು. ಅಂಬೇಡ್ಕರ್ ಲಂಡನ್ನಿನ ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರ್ ಆಗಿ 1923ರಲ್ಲಿ ಮುಂಬಯಿಗೆ ಬಂದಾಗ ವಕೀಲಿ ಸನದು ಪಡೆಯಲು ಕೈಯಲ್ಲಿ ಹಣವಿರಲಿಲ್ಲ. ಪಾರ್ಸಿ ಗೆಳೆಯ ನವಲ್ ಭಥೇನಾ ನೆರವಾದರು. ಎರಡೆರಡು ಡಾಕ್ಟರೇಟ್ ಮಟ್ಟದ ಓದು ಓದಿದವರ ಪಾಡು ಅದು. ನೂರು ವರ್ಷವಾದ ಮೇಲೂ ಬಾಗಿಲಲ್ಲಿ ಅದೇ ಸುಂಕ ಇತ್ತು. ವಕೀಲರ ಕಾಯ್ದೆಯ 24ನೇ ಸೆಕ್ಷನ್ ನೋಂದಣಿಗೆ ಒಟ್ಟು 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಎಂದಿದ್ದರೂ ರಾಜ್ಯಗಳ ಬಾರ್ ಕೌನ್ಸಿಲುಗಳು ನಾನಾ ಹೆಸರಿನಲ್ಲಿ ಹದಿನೈದು, ಇಪ್ಪತ್ತು ಸಾವಿರ ತೆಗೆದುಕೊಳ್ಳುತ್ತಿದ್ದವು. ಒಡಿಶಾದಲ್ಲಿ 42 ಸಾವಿರ ದಾಟಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಕಾಯ್ದೆಯಲ್ಲಿರುವುದಕ್ಕಿಂತ ಒಂದು ಪೈಸೆಯೂ ಹೆಚ್ಚು ಪಡೆಯುವಂತಿಲ್ಲ ಎಂದಿತು. ಅದಕ್ಕೆ ಮುಂಚೆ ಕಟ್ಟಿದವರಿಗೆ ವಾಪಸಿಲ್ಲ. ಅಖಿಲ ಭಾರತ ಬಾರ್ ಪರೀಕ್ಷೆಗೆ 3,500 ರೂಪಾಯಿ ಬೇರೆ.

ಇದೂ ಒಂದು ಸಲದ ಸುಂಕ, ಹೇಗೋ ಕಟ್ಟಬಹುದು. ತಿಂಗಳು ತಿಂಗಳು ಕಟ್ಟುವುದು ಜೂನಿಯರ್‌ಗಿರಿಯ ಫೀಸು. ತಾಲ್ಲೂಕು ಕೋರ್ಟೊಂದರಲ್ಲಿ ಪರಿಚಯವಾದ ಹುಡುಗನ ದಿನಚರಿ ಹೀಗಿದೆ: ಬೆಳಿಗ್ಗೆ ಎಂಟಕ್ಕೆ ಸೀನಿಯರ್ ಆಫೀಸು, ಅಂದಿನ ಫೈಲು ಜೋಡಿಸುವುದು, ವಕಾಲತ್ತಿಗೆ ಕಲ್ಯಾಣ ನಿಧಿಯ ಸ್ಟ್ಯಾಂಪು ಅಂಟಿಸುವುದು, ಹನ್ನೊಂದಕ್ಕೆ ಕೋರ್ಟು, ಕೇಸು ಕೂಗಿದಾಗ ಎದ್ದು ನಿಂತು ಡೇಟು ತೆಗೆದುಕೊಳ್ಳುವುದು, ಸರ್ಟಿಫೈಡ್ ಕಾಪಿಗೆ ಓಡಾಡುವುದು, ರಾತ್ರಿ ಮತ್ತೆ ಆಫೀಸು. “ನಮ್ ಸೀನಿಯರ್ರು ಒಳ್ಳೆಯವ್ರೇ ಸಾರ್. ಪೆಟ್ರೋಲಿಗೆ ಕೊಡ್ತಾರೆ, ಊಟ ಕೊಡಿಸ್ತಾರೆ. ಸಂಬಳದ ಮಾತು ಅವರೂ ಎತ್ತಲ್ಲ, ನಾನೂ ಎತ್ತಲ್ಲ” ಎಂದ. ಸೀನಿಯರ್‌ರನ್ನು ಬೈಯುವುದು ಸುಲಭ. ಅವರೂ ಹೀಗೇ ದುಡಿದು ಬಂದವರು, ಅವರ ಕಕ್ಷಿದಾರರೂ ಫೀಸನ್ನು ಕಂತಿನಲ್ಲಿ ಕೊಡುವವರು. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರಿನಲ್ಲಿ ನಗರದಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರವಾದರೂ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ಆ ಹುಡುಗ ಅದನ್ನು ವಾಟ್ಸಾಪಿನಲ್ಲಿ ನೋಡಿದ್ದನಂತೆ. ಸೀನಿಯರ್‌ರಿಗೆ ಫಾರ್ವರ್ಡ್ ಮಾಡಿದೆಯಾ ಎಂದರೆ ನಕ್ಕ.

ಕಾಲೇಜಿನ ಫೀಸು, ಜೂನಿಯರ್‌ನ ಗಳಿಕೆ, ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ಬಹಳಷ್ಟು ಅರ್ಥವಾಗುತ್ತದೆ. ಹದಿನೈದು ಲಕ್ಷದ ಶಿಕ್ಷಣ ಸಾಲಕ್ಕೆ ಶೇ. 10 ಬಡ್ಡಿ, ಹತ್ತು ವರ್ಷದ ಅವಧಿ ಎಂದರೆ ತಿಂಗಳ ಕಂತು ಹೆಚ್ಚುಕಡಿಮೆ 20 ಸಾವಿರ. ಓದುವಾಗ ಬೆಳೆದ ಬಡ್ಡಿಯನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. ಬಾರ್ ಕೌನ್ಸಿಲ್ ಶಿಫಾರಸು ಮಾಡಿದ ನಗರದ ಮೊತ್ತ ಪೂರ್ತಿ ಕೈಗೆ ಬಂದರೂ ಬ್ಯಾಂಕಿಗೇ ಹೋಯಿತು. ಬಾಡಿಗೆ, ಬಸ್ಸು, ಅನ್ನಕ್ಕೆ ಏನೂ ಉಳಿಯದು. ನಾಗರಬಾವಿಯಲ್ಲಿ ಓದಿದ ಮಕ್ಕಳು ಕೋರ್ಟಿಗೆ ಬರುವುದಿಲ್ಲ, ವರ್ಷಕ್ಕೆ ಹದಿನೈದು ಲಕ್ಷ ದಾಟುವ ಸಂಬಳಕ್ಕೆ ಕಾರ್ಪೊರೇಟ್ ಫರ್ಮ್ ಸೇರುತ್ತಾರೆ ಎಂದು ನಮ್ಮ ಹಿರಿಯ ವಕೀಲರು ಸಭೆಗಳಲ್ಲಿ ಬೇಸರಪಡುವುದನ್ನು ಕೇಳಿದ್ದೇನೆ. ಸಾಲ ಮಾಡಿ ಓದಿದವರು ಅಲ್ಲಿಗಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಅವರನ್ನು ಆ ಕಡೆಗೆ ಕಳಿಸಿದ್ದು ಫೀಸಿನ ಪಟ್ಟಿ. ಕಡಿಮೆ ಫೀಸಿನ ಕಾಲೇಜಿನಿಂದ ಬಂದವರಿಗೆ ಆ ಫರ್ಮಿನ ಬಾಗಿಲು ತೆರೆಯದು. ಕೋರ್ಟಿನ ಬಾಗಿಲು ತೆರೆದಿದೆ, ಆದರೆ ಅಲ್ಲಿ ನಾಲ್ಕು ವರ್ಷ ಸಂಪಾದನೆಯಿಲ್ಲದೆ ನಿಲ್ಲಬೇಕು. ನಿಲ್ಲಬಲ್ಲವರು ಯಾರು? ಅಪ್ಪನ ಆಫೀಸು ಇದ್ದವರು, ಊರಲ್ಲಿ ಜಮೀನಿದ್ದವರು.

ಸಿದ್ದರಾಮಯ್ಯನವರು ತಮ್ಮ ಲಾ ಓದಿನ ಕತೆಯನ್ನು ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಕುರುಬರ ಹುಡುಗನಿಗೆ ವಕೀಲಿ ಯಾಕೆ ಎಂದು ಊರ ಶಾನುಭೋಗರು ಅಪ್ಪನ ಕಿವಿಗೆ ಹಾಕಿದ್ದರಂತೆ. ಅಪ್ಪ ಒಪ್ಪದಿದ್ದಾಗ ಇವರು ಪಂಚಾಯ್ತಿ ಸೇರಿಸಿ, ಹಾಗಾದರೆ ನನ್ನ ಪಾಲು ಕೊಡಿ ಎಂದರಂತೆ. ಸಭೆ ನಗುತ್ತದೆ. ಕೇಳಲು ಒಂದು ಪಾಲು ಇತ್ತು ಎನ್ನುವುದು ನಗುವಿನಲ್ಲಿ ತೇಲಿಹೋಗುತ್ತದೆ. ಪರಿಶಿಷ್ಟರು, ಹಿಂದುಳಿದವರಲ್ಲಿ ಹೊಸದಾಗಿ ವಕೀಲರಾದವರಿಗೆ ತರಬೇತಿ ಭತ್ಯೆ ಕೊಡುವ ಯೋಜನೆಗಳು ನಮ್ಮ ರಾಜ್ಯದಲ್ಲಿ ಇವೆ, ಒಳ್ಳೆಯ ಯೋಜನೆಗಳೇ. ಆಯ್ಕೆಯಾಗುವವರು ಕೆಲವೇ ಮಂದಿ.

ಫೋನು ಮಾಡುವ ತಂದೆತಾಯಿಗೆ ನಾನು ಈಗೀಗ ಹೇಳುವುದು ಇಷ್ಟು: ಕಾಲೇಜಿನ ಫೀಸಿಗೆ ಇನ್ನು ನಾಲ್ಕು ವರ್ಷದ ಮನೆಖರ್ಚು ಕೂಡಿಸಿಕೊಳ್ಳಿ, ಆಗ ಒಟ್ಟು ಬರುತ್ತದೆ. ಮಗನ ಅಪ್ಪನಾದರೆ “ನೋಡೋಣ ಸಾರ್, ಹೇಗೋ ಮಾಡ್ತೀವಿ” ಎನ್ನುತ್ತಾರೆ. ಮಗಳ ಅಪ್ಪನಾದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೋರ್ಟಲ್ಲದೆ ಬೇರೆ ಏನಾದರೂ ಆಗುತ್ತದೆಯೇ ಎಂದು ಕೇಳುತ್ತಾರೆ. ಲಾ ತರಗತಿಯಲ್ಲಿ ಹುಡುಗಿಯರಿಗೇನೂ ಕೊರತೆಯಿಲ್ಲ, ಐದು ವರ್ಷದ ಫೀಸನ್ನು ಈ ಅಪ್ಪಂದಿರೇ ಕಟ್ಟುತ್ತಾರೆ. ಆಮೇಲಿನ ನಾಲ್ಕು ವರ್ಷಕ್ಕೆಂದು ಇಟ್ಟ ಹಣ ಅನೇಕ ಮನೆಗಳಲ್ಲಿ ಛತ್ರಕ್ಕೆ ಅಡ್ವಾನ್ಸ್ ಆಗಿ ಹೋಗಿರುತ್ತದೆ.